"ಅದನ್ನೆಲ್ಲ ಬಿಟ್ಟಿದ್ದೇನೆ" ಅನ್ನುವ ಹುಡುಗನ ವಾರ ಹೇಗಿದೆ?

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿದವಳು. ಈಗ ಇಂಗ್ಲೆಂಡಿನಲ್ಲಿ ಪ್ರೊಬೇಷನ್ ಆಫೀಸರ್ ಆಗಲು ತರಬೇತಿ ಪಡೆಯುತ್ತಿದ್ದೇನೆ. ಹಿರಿಯ ಆಫೀಸರ್ ಒಬ್ಬರ ಜೊತೆ ಒಂದು ಕೇಸಿನಲ್ಲಿ ಕೂರುತ್ತೇನೆ. ಇಪ್ಪತ್ತರ ಹರೆಯದ ಬಿಳಿಯ ಹುಡುಗ. ಬಿಳಿಯರೇ ಮೇಲು ಎನ್ನುವ ನವನಾಜಿ ಗುಂಪೊಂದರ ಸಹವಾಸದಲ್ಲಿದ್ದ. ಬಾಂಬ್ ತಯಾರಿಸುವ ಕೈಪಿಡಿ ಇಟ್ಟುಕೊಂಡಿದ್ದಕ್ಕೆ ಜೈಲಾಗಿತ್ತು. ಈಗ ಲೈಸೆನ್ಸ್ ಮೇಲೆ ಹೊರಗಿದ್ದಾನೆ. ಪ್ರತಿ ಸಲವೂ "ಅದನ್ನೆಲ್ಲ ಬಿಟ್ಟಿದ್ದೇನೆ" ಅನ್ನುತ್ತಾನೆ. ನಂಬಬೇಕಾ? ನನ್ನಂಥ ಕಂದು ಬಣ್ಣದವಳ ಎದುರು ಆತ ನಿಜ ಹೇಳುತ್ತಾನಾ? ಎಲ್ಲಿಂದ ಶುರು ಮಾಡಲಿ? ಮುಂದೆ ಊರಿಗೆ ವಾಪಸ್ ಬಂದರೆ ಈ ಕೆಲಸ ಅಲ್ಲಿ ಉಪಯೋಗಕ್ಕೆ ಬರುತ್ತಾ?

ಉತ್ತರ: ನಂಬಬೇಕೋ ಬೇಡವೋ ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದಕ್ಕೆ ಈಗಲೇ ಉತ್ತರ ಸಿಗುವುದಿಲ್ಲ. ಆತನ ವಾರ ಹೇಗೆ ಕಳೆಯುತ್ತದೆ ಎಂದು ಕೇಳಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾನೆ, ಯಾರ ಜೊತೆ ಊಟ ಮಾಡುತ್ತಾನೆ, ಯಾರ ಫೋನ್ ಬರುತ್ತದೆ, ಶನಿವಾರ ಸಂಜೆ ಎಲ್ಲಿರುತ್ತಾನೆ. ಇಂಥ ಗುಂಪುಗಳು ಒಬ್ಬ ಹುಡುಗನ ವಾರವನ್ನು ಪೂರ್ತಿ ತುಂಬಿಬಿಡುತ್ತವೆ. ಗುಂಪು ಬಿಟ್ಟ ಮೇಲೆ ಆ ಹೊತ್ತು ಖಾಲಿಯಾಗುತ್ತದೆ. ಅಲ್ಲಿಗೆ ಬೇರೆ ಏನೂ ಬರದಿದ್ದರೆ, ಆತ ಎಷ್ಟೇ ಪ್ರಾಮಾಣಿಕವಾಗಿ "ಬಿಟ್ಟೆ" ಅಂದರೂ ಕಾಲು ಹಳೇ ದಾರಿಯನ್ನೇ ಹಿಡಿಯುತ್ತದೆ.

ಬೇರೆ ಓದುಗರಿಗಾಗಿ ಎರಡು ಮಾತು. ಇಂಗ್ಲೆಂಡಿನಲ್ಲಿ ಜೈಲು ಶಿಕ್ಷೆಯ ಕೊನೆಯ ಭಾಗವನ್ನು ಷರತ್ತಿನ ಮೇಲೆ ಹೊರಗೆ ಕಳೆಯುವುದಕ್ಕೆ ಲೈಸೆನ್ಸ್ ಅನ್ನುತ್ತಾರೆ. ಆ ಅವಧಿಯಲ್ಲಿ ಪ್ರೊಬೇಷನ್ ಆಫೀಸರ್ ಮೇಲ್ವಿಚಾರಣೆ ಇರುತ್ತದೆ. ಭಯೋತ್ಪಾದನೆ ಕೇಸುಗಳಲ್ಲಿ ಷರತ್ತು ಜಾಸ್ತಿ. ಮೊದಲು ಹಾಸ್ಟೆಲ್ ವಾಸ, ಎಲ್ಲಿದ್ದಾನೆ ಎಂದು ತೋರಿಸುವ ಎಲೆಕ್ಟ್ರಾನಿಕ್ ಟ್ಯಾಗ್ ಕಾಲಿಗೆ, ರಾತ್ರಿ ಹೊರಗೆ ಹೋಗುವಂತಿಲ್ಲ, ಯಾವ ಫೋನ್ ಇದೆ ಎಂದು ಹೇಳಬೇಕು, ಹಳೇ ಜೊತೆಗಾರರನ್ನು ಸಂಪರ್ಕಿಸಬಾರದು. 2021ರ ಕಾನೂನು ಬಂದ ಮೇಲೆ ಸುಳ್ಳು ಪತ್ತೆ ಪರೀಕ್ಷೆಯನ್ನೂ ಷರತ್ತಾಗಿ ಹಾಕಬಹುದು. ಷರತ್ತು ಮುರಿದರೆ ರೀಕಾಲ್, ಅಂದರೆ ವಾಪಸ್ ಜೈಲಿಗೆ. ಮುಂಚೆ ಅರ್ಧ ಶಿಕ್ಷೆ ಮುಗಿದ ಕೂಡಲೇ ಎಷ್ಟೋ ಜನ ತಾನಾಗಿಯೇ ಹೊರಬರುತ್ತಿದ್ದರು. 2020ರ ಫೆಬ್ರುವರಿಯ ಕಾಯ್ದೆಯಿಂದ ಅದು ನಿಂತಿತು. ಈಗ ಮೂರರಲ್ಲಿ ಎರಡು ಪಾಲು ಮುಗಿಯಬೇಕು, ಪೆರೋಲ್ ಬೋರ್ಡ್ ಒಪ್ಪಬೇಕು.

ಈಗ ನಿಮ್ಮ ಹುಡುಗ. ಆತ ಗುಂಪಿಗೆ ಸೇರಿದ್ದು ಸಿದ್ಧಾಂತ ಓದಿ ಎಂದುಕೊಳ್ಳಬೇಡಿ. ನಾರ್ವೆಯ ಸಂಶೋಧಕ ತೋರೆ ಬ್ಯೋರ್ಗೊ ನವನಾಜಿ ಹುಡುಗರನ್ನು ಹತ್ತಿರದಿಂದ ಅಧ್ಯಯನ ಮಾಡಿದವರು. ಇಂಥ ಗುಂಪು ಬಿಡಲು ನೆರವಾಗುವ, 1997ರಲ್ಲಿ ಅಲ್ಲಿ ಶುರುವಾದ ಎಕ್ಸಿಟ್ ಎಂಬ ಯೋಜನೆಯ ಹಿಂದೆ ಅವರ ಕೆಲಸವಿದೆ. ಗೆಳೆಯರು ಬೇಕು, ರಕ್ಷಣೆ ಬೇಕು, ರೋಮಾಂಚನ ಬೇಕು, ತನ್ನನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಸೇರಿದವರು ಬಹಳ ಮಂದಿ ಎಂದು ಅವರು ತೋರಿಸಿದರು. ದ್ವೇಷದ ಮಾತುಗಳನ್ನು ಒಳಗೆ ಹೋದ ಮೇಲೆ ಕಲಿಯುತ್ತಾರೆ. ಬಿಡುವವರ ಕಾರಣಗಳೂ ಹೆಚ್ಚಾಗಿ ಹಾಗೇ ಇರುತ್ತವೆ. ನಾಯಕನ ಬೂಟಾಟಿಕೆ ಕಂಡು ಬೇಸರ. ಗೆಳೆಯರೇ ಮೋಸ ಮಾಡಿದ ನೋವು. ಪದೇ ಪದೇ ಪೊಲೀಸರ ಭಯ. ವಯಸ್ಸು. ಒಬ್ಬ ಹುಡುಗಿ, ಒಂದು ಮಗು, ಎಲ್ಲರ ಥರ ಬದುಕಬೇಕು ಎಂಬ ಆಸೆ.

ಅದಕ್ಕೇ ನಾನು ಹೊಸಬರಿಗೆಲ್ಲ ಹೇಳುವುದು: ಆತನ ಜೊತೆ ವಾದಕ್ಕೆ ಇಳಿಯಬೇಡಿ. ಜನಾಂಗ, ವಲಸೆ, ಇತಿಹಾಸ, ಇವುಗಳ ಬಗ್ಗೆ ಆತ ನೂರಾರು ಗಂಟೆ ವಾದ ಮಾಡಿ ಪಳಗಿದವನು. ನೀವು ಒಂದು ಅಂಕಿ ಹೇಳಿದರೆ ಆತ ಹತ್ತು ಹೇಳುತ್ತಾನೆ. ಆ ಅರ್ಧ ಗಂಟೆಯಲ್ಲಿ ಆತ ಮತ್ತೆ ಗುಂಪಿನ ಸಿಪಾಯಿಯೇ ಆಗಿರುತ್ತಾನೆ. ಬದಲಿಗೆ ಮನುಷ್ಯರ ಬಗ್ಗೆ ಕೇಳಿ. ನಿನ್ನನ್ನು ಮೊದಲು ಕರೆದುಕೊಂಡು ಹೋದವರು ಯಾರು? ಅಲ್ಲಿ ಯಾರ ಮೇಲೆ ನಿನಗೆ ನಿಜವಾಗಿ ಗೌರವ ಇತ್ತು? ನೀನು ಜೈಲಿಗೆ ಹೋದ ಮೇಲೆ ಯಾರು ಪತ್ರ ಬರೆದರು? ಕೊನೆಯ ಪ್ರಶ್ನೆಗೆ ಬಹಳ ಸಲ ಉತ್ತರ "ಯಾರೂ ಇಲ್ಲ" ಎಂದೇ ಇರುತ್ತದೆ. ಆ ಉತ್ತರ ಬಂದಾಗ ನೀವು ಏನೂ ಸೇರಿಸಬೇಡಿ. ಸುಮ್ನೆ ಕೂತಿರಿ. ಆತನೇ ಮುಂದೆ ಮಾತಾಡುತ್ತಾನೆ.

ಆತನ ಅಭಿಪ್ರಾಯ ಎಂದೂ ಬದಲಾಗಬೇಕಿಲ್ಲ ಎಂದು ನಾನು ಹೇಳುತ್ತಿಲ್ಲ. ಕ್ರಮ ಮುಖ್ಯ. ಮೊದಲು ಹಿಂಸೆ ಬಿಡಬೇಕು, ಗುಂಪು ಬಿಡಬೇಕು. ತಲೆಯೊಳಗಿನ ವಿಚಾರ ಅದರ ಹಿಂದೆ ನಿಧಾನವಾಗಿ ಬರುತ್ತದೆ, ಕೆಲವರಲ್ಲಿ ಪೂರ್ತಿ ಬರುವುದೇ ಇಲ್ಲ. ಮನಸ್ಸಿನೊಳಗಿನ ಅಭಿಪ್ರಾಯಕ್ಕೆ ಕೋರ್ಟು ಶಿಕ್ಷೆ ಕೊಟ್ಟಿಲ್ಲ, ಮಾಡಿದ ಕೆಲಸಕ್ಕೆ ಕೊಟ್ಟಿದೆ. ನಿಮ್ಮ ಇಲಾಖೆಯ ವ್ಯವಸ್ಥೆಯೂ ಈ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಉಗ್ರವಾದದ ಅಪಾಯವನ್ನು ಅಂದಾಜು ಮಾಡುವ ಇಆರ್‌ಜಿ ಎಂಬ ಅಳತೆಪಟ್ಟಿಯನ್ನು ನೀವು ನೋಡಿರಬೇಕು. ಅದರಲ್ಲಿ 22 ಅಂಶಗಳಿವೆ. ಗುಂಪಿನತ್ತ ಎಳೆದದ್ದು ಏನು ಎಂಬುದಕ್ಕೆ 13, ಹಾನಿ ಮಾಡುವ ಉದ್ದೇಶಕ್ಕೆ 6, ಮಾಡುವ ಸಾಮರ್ಥ್ಯಕ್ಕೆ 3. ಎಳೆತದ ಕಡೆಗೇ ಅರ್ಧಕ್ಕಿಂತ ಜಾಸ್ತಿ ಇರುವುದನ್ನು ಗಮನಿಸಿ. ನಿಮ್ಮ ಕೆಲಸ ಹೆಚ್ಚಾಗಿ ಆ ಹದಿಮೂರರ ಸುತ್ತ ಇರುತ್ತದೆ: ಎಲ್ಲೂ ಸೇರದವನು ಎಂಬ ಭಾವನೆ, ಅನ್ಯಾಯವಾಗಿದೆ ಎಂಬ ಸಿಟ್ಟು, ಬದುಕಿಗೆ ಅರ್ಥ ಹುಡುಕುವ ಹಸಿವು. ಜೈಲಿನಲ್ಲೂ ಹೊರಗೂ ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ನಡೆಸುವ ಮಾತುಕತೆಯ ಕಾರ್ಯಕ್ರಮವಿದೆ. ಹೊರಗೆ ಬಂದವರಿಗೆ ಮೆಂಟರ್, ಅಂದರೆ ಜೊತೆಗಿದ್ದು ದಾರಿ ತೋರುವವರನ್ನು ಕೊಡುವ ಇನ್ನೊಂದು ಯೋಜನೆಯೂ 2016ರಿಂದ ನಡೆಯುತ್ತಿದೆ. ನಿಮ್ಮ ಹಿರಿಯರು ಇವೆರಡರ ಬಗ್ಗೆ ಹೇಳಿರುತ್ತಾರೆ. ಒಳ್ಳೆಯ ಸಾಧನಗಳೇ. ಆದರೆ ಅವು ವಾರದಲ್ಲಿ ಒಂದೋ ಎರಡೋ ಗಂಟೆ. ಉಳಿದ ಗಂಟೆಗಳದ್ದೇ ನನಗೆ ಚಿಂತೆ.

ಉದಾಹರಣೆ ಬೇಕಾದರೆ 2019ರ ನವೆಂಬರ್ 29 ನೆನಪಿಸಿಕೊಳ್ಳಿ. ಲಂಡನ್ ಬ್ರಿಡ್ಜ್ ಪಕ್ಕದ ಫಿಶ್‌ಮಾಂಗರ್ಸ್ ಹಾಲ್‌ನಲ್ಲಿ ಕೈದಿಗಳ ಶಿಕ್ಷಣದ ಕಾರ್ಯಕ್ರಮ ನಡೆಯುತ್ತಿತ್ತು. ಲೈಸೆನ್ಸ್ ಮೇಲಿದ್ದ, ಕಾಲಿಗೆ ಟ್ಯಾಗ್ ಇದ್ದ ಒಬ್ಬಾತ ಅಲ್ಲಿ ಚಾಕುವಿನಿಂದ ಇಬ್ಬರು ಯುವಜನರನ್ನು ಕೊಂದ. ಇಬ್ಬರೂ ಆ ಶಿಕ್ಷಣ ಯೋಜನೆಗಾಗಿ ದುಡಿಯುತ್ತಿದ್ದವರು, ಕೈದಿಗಳು ಬದಲಾಗಬಲ್ಲರು ಎಂದು ನಂಬಿದವರು. ಕೊಂದವನು 2018ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಗಿದ್ದ. ಜೈಲಿನಲ್ಲಿ ಕೋರ್ಸ್ ಮುಗಿಸಿದ್ದ, ಹೊರಗೆ ಮೆಂಟರ್ ಇದ್ದರು. ಆದರೆ ಹಾಸ್ಟೆಲ್ ಬಿಟ್ಟು ಸ್ವಂತ ಫ್ಲಾಟಿಗೆ ಹೋದ ಮೇಲೆ ಆತನಿಗೆ ಕೆಲಸ ಇರಲಿಲ್ಲ, ಗೆಳೆಯರು ಇರಲಿಲ್ಲ, ಒಬ್ಬನೇ ಕೂತಿರುತ್ತಿದ್ದ. ಆ ದಿನ ಸ್ಟಾಫರ್ಡ್‌ನಿಂದ ಲಂಡನ್‌ಗೆ ರೈಲಿನಲ್ಲಿ ಒಬ್ಬನೇ ಬಂದ. 2021ರಲ್ಲಿ ವಿಚಾರಣೆ ನಡೆಸಿದ ಜ್ಯೂರಿ ಇಲಾಖೆಗಳ ನಡುವೆ ಮಾಹಿತಿ ಸರಿಯಾಗಿ ಹಂಚಿಕೆಯಾಗಲಿಲ್ಲ ಎಂದಿತು. ಆತ ಯೋಜನೆಯ "ಪೋಸ್ಟರ್ ಬಾಯ್" ಆಗಿಬಿಟ್ಟಿದ್ದರಿಂದ ಅಪಾಯ ಕಣ್ಣಿಗೆ ಬೀಳಲಿಲ್ಲ ಎಂದೂ ಹೇಳಿತು. ಈ ಕೊನೆಯ ಮಾತು ನಮ್ಮ ವೃತ್ತಿಯವರಿಗೆ ತುಂಬ ಮುಖ್ಯ. ನಮಗೆ ಯಶಸ್ಸಿನ ಕಥೆ ಬೇಕಾಗಿರುತ್ತದೆ. ಬೇಕಾಗಿದ್ದನ್ನೇ ಕಾಣುತ್ತೇವೆ.

ಮುಂದಿನ ವರ್ಷ ವಿಯೆನ್ನಾ. 2020ರ ನವೆಂಬರ್ 2ರಂದು ಐಎಸ್ ಎಂಬ ಉಗ್ರ ಸಂಘಟನೆಯ ಬೆಂಬಲಿಗ ಯುವಕನೊಬ್ಬ ನಗರದ ನಡುವೆ ಗುಂಡು ಹಾರಿಸಿ ನಾಲ್ವರನ್ನು ಕೊಂದ. ಸಿರಿಯಾಕ್ಕೆ ಹೋಗಲು ಹೊರಟಿದ್ದಕ್ಕೆ 22 ತಿಂಗಳ ಶಿಕ್ಷೆಯಾಗಿ, 2019ರ ಡಿಸೆಂಬರ್‌ನಲ್ಲಿ ಅವಧಿಗೆ ಮುಂಚೆ ಬಿಡುಗಡೆಯಾಗಿದ್ದ. ಪ್ರೊಬೇಷನ್ ಇತ್ತು, ಉಗ್ರವಾದ ಬಿಡಿಸುವ ಸಂಸ್ಥೆಯ ಭೇಟಿಗಳಿಗೂ ಹೋಗುತ್ತಿದ್ದ. ಆತ ಎಲ್ಲರನ್ನೂ ಏಮಾರಿಸಿದ ಎಂದು ಅಲ್ಲಿನ ಗೃಹಸಚಿವರು ಹೇಳಿದರು. ಆದರೆ ಅದೇ ಬೇಸಿಗೆಯಲ್ಲಿ ಆತ ಸ್ಲೊವಾಕಿಯಾಕ್ಕೆ ಹೋಗಿ ಗುಂಡುಗಳನ್ನು ಕೊಳ್ಳಲು ಯತ್ನಿಸಿದ್ದ. ಅಲ್ಲಿನ ಪೊಲೀಸರು ಆಸ್ಟ್ರಿಯಾಕ್ಕೆ ಅದನ್ನು ತಿಳಿಸಿಯೂ ಇದ್ದರು. ಮೇಲ್ವಿಚಾರಣೆಯ ಕೋಣೆಯಲ್ಲಿ ಕೂತು ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದರೆ ಸುಳ್ಳು ಗೊತ್ತಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಕೋಣೆಯಿಂದ ಸ್ಲೊವಾಕಿಯಾ ಕಾಣುವುದಿಲ್ಲ. ಪೊಲೀಸರಿಗೆ ಗೊತ್ತಿರುವುದು, ಹಾಸ್ಟೆಲ್ ಸಿಬ್ಬಂದಿಗೆ ಗೊತ್ತಿರುವುದು, ಅಮ್ಮನಿಗೆ ಗೊತ್ತಿರುವುದು, ಮೆಂಟರ್‌ಗೆ ಗೊತ್ತಿರುವುದು, ಎಲ್ಲ ಒಂದೇ ಮೇಜಿಗೆ ಬರಬೇಕು. ಇಂಗ್ಲೆಂಡಿನಲ್ಲಿ ಅದಕ್ಕೆಂದೇ ಮ್ಯಾಪಾ ಸಭೆಗಳಿವೆ. ಅವನ್ನು ಕಾಗದದ ಕೆಲಸ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಸಣ್ಣದು ಎನಿಸಿದ್ದನ್ನೂ ಅಲ್ಲಿ ಹೇಳಿ.

ಇವೆರಡು ಕೇಳಿ ಹೆದರಿದಿರಾ? ಹೆದರಿಕೆ ಇರಲಿ, ಆದರೆ ಅದರ ಅಳತೆ ಸರಿ ಇರಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2013ರಿಂದ 2019ರ ಕೊನೆಯವರೆಗೆ ಇಂಥ ಅಪರಾಧಗಳಿಗೆ ಸಂಬಂಧಿಸಿ ಬಿಡುಗಡೆಯಾದವರು 196 ಜನ. ಮತ್ತೆ ಭಯೋತ್ಪಾದನೆ ಅಪರಾಧದಲ್ಲಿ ಶಿಕ್ಷೆಯಾದವರು 6 ಮಂದಿ. ಬೇರೆ ಅಪರಾಧಿಗಳಿಗೆ ಹೋಲಿಸಿದರೆ ಇದು ಬಹಳ ಕಡಿಮೆ. ಒಂದು ಎಚ್ಚರ ಮಾತ್ರ ಬೇಕು. ಈ ಲೆಕ್ಕದಲ್ಲಿ ಶಿಕ್ಷೆಯಾದವರಷ್ಟೇ ಸೇರುತ್ತಾರೆ. ಫಿಶ್‌ಮಾಂಗರ್ಸ್ ಹಾಲ್‌ನ ಆ ವ್ಯಕ್ತಿ ಅಂದೇ ಪೊಲೀಸರ ಗುಂಡಿಗೆ ಸತ್ತ. ಸತ್ತವನಿಗೆ ಶಿಕ್ಷೆ ಆಗುವುದಿಲ್ಲ ಅಲ್ವಾ? ಬಹುಪಾಲು ಜನ ಮರಳಿ ಹೋಗುವುದಿಲ್ಲ, ಮರಳಿ ಹೋದ ಒಬ್ಬನಿಂದ ಆಗುವ ಹಾನಿ ತುಂಬಲಾರದಷ್ಟು. ಈ ಎರಡೂ ನಿಜ, ಎರಡನ್ನೂ ಹೊತ್ತುಕೊಂಡೇ ಕೆಲಸ ಮಾಡಬೇಕು.

ಎಡವಿದವನನ್ನು ಕೂಡಲೇ ಕೈಬಿಡಬಾರದು ಎಂಬುದಕ್ಕೆ ಅಮೆರಿಕದ ಮಿನಿಯಾಪೊಲಿಸ್‌ನ ಕೇಸೊಂದಿದೆ. 2014ರಲ್ಲಿ 18 ವರ್ಷದ ಸೊಮಾಲಿ ಮೂಲದ ಹುಡುಗನೊಬ್ಬ ಐಎಸ್ ಸೇರಲು ಹೊರಟಾಗ ವಿಮಾನ ನಿಲ್ದಾಣದಲ್ಲೇ ತಡೆದರು. ನ್ಯಾಯಾಧೀಶ ಮೈಕೆಲ್ ಡೇವಿಸ್ ವಿಚಾರಣೆ ಮುಗಿಯುವ ಮುಂಚೆಯೇ ಆತನನ್ನು ಜೈಲಿನಿಂದ ಹಾಫ್‌ವೇ ಹೌಸ್‌ಗೆ, ಅಂದರೆ ಮೇಲ್ವಿಚಾರಣೆಯ ವಸತಿಗೆ ಕಳಿಸಿ, ಒಂದು ಸ್ಥಳೀಯ ಸಂಸ್ಥೆಯ ಮೆಂಟರ್‌ಗಳನ್ನು ಜೊತೆಗೆ ಕೊಟ್ಟರು. ಕೆಲವೇ ತಿಂಗಳಲ್ಲಿ ಆತನ ಹಾಸಿಗೆ ಕೆಳಗೆ ರಟ್ಟು ಕತ್ತರಿಸುವ ಚಾಕು ಸಿಕ್ಕಿತು. ವಾಪಸ್ ಜೈಲು. ಕಥೆ ಅಲ್ಲಿಗೆ ಮುಗಿಯಿತು ಎಂದು ಎಷ್ಟೋ ಜನ ಅಂದುಕೊಂಡಿರಬೇಕು. ಜೈಲಿನಲ್ಲೂ ಮೆಂಟರ್‌ಗಳು ಬರುವುದನ್ನು ಬಿಡಲಿಲ್ಲ. ಮುಂದೆ ಆತ ಕೋರ್ಟಿನಲ್ಲಿ ತನ್ನ ಗೆಳೆಯರ ವಿರುದ್ಧ ಸಾಕ್ಷಿ ಹೇಳಿದ. ಅದೆಷ್ಟು ಕಷ್ಟ ಎಂಬುದು ಸಣ್ಣ ಸಮುದಾಯದಲ್ಲಿ ಬೆಳೆದವರಿಗೆ ಗೊತ್ತು. 2016ರ ನವೆಂಬರ್‌ನಲ್ಲಿ ಅದೇ ನ್ಯಾಯಾಧೀಶರು, ಆಗಲೇ ಕಳೆದ ಜೈಲುವಾಸ ಸಾಕು, ಇನ್ನು 20 ವರ್ಷ ಪ್ರೊಬೇಷನ್ ಮೇಲ್ವಿಚಾರಣೆ ಎಂದು ತೀರ್ಪು ಕೊಟ್ಟರು. ಅದೇ ಸಂಚಿನಲ್ಲಿ ತಪ್ಪೊಪ್ಪದೆ ವಿಚಾರಣೆಗೆ ನಿಂತ ಮೂವರಿಗೆ 30, 30 ಮತ್ತು 35 ವರ್ಷ ಜೈಲಾಯಿತು. ಚಾಕು ಸಿಕ್ಕಾಗ ಶಿಸ್ತು ಕ್ರಮ ಬೇಕಿತ್ತು, ಕೈಗೊಂಡರು. ಸಂಬಂಧ ಕಡಿಯಬೇಕಿರಲಿಲ್ಲ, ಕಡಿಯಲಿಲ್ಲ. ನಿಮ್ಮ ಹುಡುಗನಿಗೂ ಒಂದು ದಿನ ರೀಕಾಲ್ ಆಗಬಹುದು. ಆಗ ಜೈಲಿಗೆ ಹೋಗಿ ಭೇಟಿಯಾಗುವ ಮೊದಲ ಮುಖ ನಿಮ್ಮದಾಗಲಿ.

ಇನ್ನು ನಿಮ್ಮ ಮೈಬಣ್ಣದ ಪ್ರಶ್ನೆ. ಅದನ್ನು ಕೇಳಿದ್ದು ಒಳ್ಳೆಯದಾಯಿತು, ಎಷ್ಟೋ ಜನ ಒಳಗೇ ಇಟ್ಟುಕೊಂಡು ನವೆಯುತ್ತಾರೆ. ಆತನ ಮನಸ್ಸು ಬದಲಾಯಿಸಲು ನೀವು ಒಂದು ಮಾದರಿಯಾಗಿ ಕೂರಬೇಕಿಲ್ಲ. ಒಳ್ಳೆಯ ಭಾರತೀಯಳು ಎಂದು ಸಾಬೀತು ಮಾಡುವ ಹೊರೆ ನಿಮ್ಮದಲ್ಲ. ಹೇಳಿದ ಹೊತ್ತಿಗೆ ಇರಿ. ಮಾಡುತ್ತೇನೆ ಎಂದ ಫೋನ್ ಮಾಡಿ. ಕಾರಣವಿಲ್ಲದೆ ಷರತ್ತು ಬಿಗಿ ಮಾಡಬೇಡಿ, ಕಾರಣವಿದ್ದಾಗ ಸಡಿಲಿಸಬೇಡಿ. ಅವನ ಗುಂಪಿನವರು ನಿಮ್ಮಂಥವರ ಬಗ್ಗೆ ಹೇಳಿಕೊಟ್ಟದ್ದಕ್ಕೆ ಇದು ಹೊಂದುವುದಿಲ್ಲ, ಆ ಗೊಂದಲ ಆತನೊಳಗೆ ತಾನಾಗಿಯೇ ಕೆಲಸ ಮಾಡುತ್ತದೆ. ಕೆಲವು ತಿಂಗಳಾದ ಮೇಲೆ ಆತ "ನೀವು ಬೇರೆ, ಉಳಿದವರ ಥರ ಅಲ್ಲ" ಅನ್ನಬಹುದು. ಅದನ್ನು ಗೆಲುವು ಎಂದುಕೊಳ್ಳಬೇಡಿ, ಸಿಟ್ಟೂ ಮಾಡಿಕೊಳ್ಳಬೇಡಿ. "ಉಳಿದವರು ಅಂದ್ರೆ ಯಾರು? ಯಾರ ಜೊತೆಗಾದರೂ ಕೂತು ಮಾತಾಡಿದ್ದೀಯಾ?" ಎಂದು ಕುತೂಹಲದಿಂದ ಕೇಳಿ. ಆತ ನಿಂದನೆಯ ಮಾತಾಡಿದರೆ ಮಾತ್ರ ಸಹಿಸಬೇಡಿ. ಭೇಟಿ ನಿಲ್ಲಿಸಿ, ಬರೆದಿಡಿ, ಹಿರಿಯರಿಗೆ ಹೇಳಿ. ಈ ಕೇಸು ನಿಮಗೆ ಆಗುತ್ತಿಲ್ಲ ಎನಿಸಿದರೆ ಹಾಗೆಂದು ಹೇಳುವ ಹಕ್ಕೂ ನಿಮಗಿದೆ.

ಮೊದಲ ಭೇಟಿಗಳಲ್ಲೇ ಒಂದು ವಿಷಯವನ್ನು ಬಾಯಿಬಿಟ್ಟು ಹೇಳಿಬಿಡಿ: "ನಾನು ನಿನಗೆ ಸಹಾಯ ಮಾಡಲೂ ಇದ್ದೇನೆ, ನಿನ್ನ ಮೇಲೆ ಕಣ್ಣಿಡಲೂ ಇದ್ದೇನೆ. ಯಾರಿಗಾದರೂ ಅಪಾಯ ಆಗುವಂಥದ್ದು ಕೇಳಿದರೆ ಪೊಲೀಸರಿಗೆ ಹೇಳುತ್ತೇನೆ. ಹೇಳುವ ಮುಂಚೆ ಸಾಧ್ಯವಾದರೆ ನಿನಗೂ ತಿಳಿಸುತ್ತೇನೆ." ಇದನ್ನು ಮುಚ್ಚಿಟ್ಟು ಗೆಳತಿಯ ಹಾಗೆ ನಟಿಸಿದರೆ ಒಂದು ದಿನ ಬಯಲಾಗುತ್ತದೆ. ಆಮೇಲೆ ಆತ ಯಾವ ಆಫೀಸರನ್ನೂ ನಂಬುವುದಿಲ್ಲ.

ಆತನ ವಾರಕ್ಕೆ ಮರಳೋಣ. ಆತ ಹಾಸ್ಟೆಲಿನಲ್ಲಿರುವಾಗ ಸುತ್ತ ಜನ ಇರುತ್ತಾರೆ, ಊಟ ಇರುತ್ತದೆ, ಸಹಿ ಹಾಕುವ ಹೊತ್ತು ಇರುತ್ತದೆ. ನಿಜವಾದ ಪರೀಕ್ಷೆ ಸ್ವಂತ ಕೋಣೆಗೆ ಹೋದ ಮೇಲಿನ ತಿಂಗಳುಗಳು. ಆಗ ಭೇಟಿ ಕಡಿಮೆ ಮಾಡುವ ಅಭ್ಯಾಸವಿದೆ, ಅದು ತಿರುಗುಮುರುಗು ಆಗಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಆ ಹೊತ್ತಿಗೆ ಕೆಲಸ ಸಿಕ್ಕಿರಬೇಕು. ಭಯೋತ್ಪಾದನೆ ಕಾನೂನಿನಡಿ ಶಿಕ್ಷೆಯಾದವನಿಗೆ ಕೆಲಸ ಕೊಡುವವರು ಕಡಿಮೆ, ಹಾಗಾಗಿ ಹಾಸ್ಟೆಲಿನಲ್ಲಿರುವಾಗಲೇ ಹುಡುಕಾಟ ಶುರುವಾಗಲಿ. ಮರಗೆಲಸ, ಅಡುಗೆ, ಲಾರಿ ರಿಪೇರಿ, ಏನಾದರೂ ಕೈಕೆಲಸ ಕಲಿತರೆ ಸಂಜೆಗೆ ದಣಿವಾಗುತ್ತದೆ, ಪಕ್ಕದಲ್ಲಿ ದುಡಿಯುವವರ ಪರಿಚಯವಾಗುತ್ತದೆ. ಅವರಲ್ಲಿ ಪೋಲಿಷರು ಇರುತ್ತಾರೆ, ಪಂಜಾಬಿಗಳು ಇರುತ್ತಾರೆ. ಒಂದು ವರ್ಷ ಒಟ್ಟಿಗೆ ಗಾರೆ ಕಲಸಿದರೆ ಆಗುವ ಬದಲಾವಣೆ ಯಾವ ಚರ್ಚೆಯಿಂದಲೂ ಆಗುವುದಿಲ್ಲ.

ಅಮ್ಮನನ್ನು ಮರೆಯಬೇಡಿ. ಅಪ್ಪ, ಅಕ್ಕ, ಅಜ್ಜಿ, ಯಾರಿದ್ದಾರೋ ಅವರು. ಮಗ ಮತ್ತೆ ಕೋಣೆ ಬಾಗಿಲು ಹಾಕಿಕೊಳ್ಳಲು ಶುರು ಮಾಡಿದ್ದು ಮೊದಲು ಅವರಿಗೇ ಗೊತ್ತಾಗುತ್ತದೆ. ಎಷ್ಟೋ ಮನೆಯವರು ನಾಚಿಕೆಯಿಂದ ಮಗನ ಜೊತೆ ಮಾತು ಬಿಟ್ಟಿರುತ್ತಾರೆ. ಆ ಮಾತು ಮತ್ತೆ ಶುರುವಾಗುವಂತೆ ನೋಡಿಕೊಳ್ಳುವುದೂ ನಿಮ್ಮ ಕೆಲಸ. ಬರ್ಲಿನ್‌ನಲ್ಲಿ ಹಯಾತ್ ಎಂಬ ಸಂಸ್ಥೆ ಕೆಲಸ ಮಾಡುವುದೇ ಹೀಗೆ, ಉಗ್ರವಾದದತ್ತ ಹೋದವರ ಮನೆಯವರ ಮೂಲಕ. ಹಳೇ ಗುಂಪಿನಿಂದ ಬೆದರಿಕೆ ಇದೆಯೇ ಎಂದೂ ಕೇಳಿ. ನವನಾಜಿ ಗುಂಪುಗಳು ಬಿಟ್ಟುಹೋದವನನ್ನು ದ್ರೋಹಿ ಎನ್ನುತ್ತವೆ. ಆತ ಭಯದಿಂದ ಸುಮ್ಮನಿದ್ದರೆ ಅದು ನಿಮಗೆ ಹಠದ ಹಾಗೆ ಕಾಣಬಹುದು.

ಗುಂಪು ಬಿಟ್ಟು ಬಂದ ಹಳಬರನ್ನು ಮೆಂಟರ್ ಮಾಡಿಸಬೇಕಾ ಎಂದು ಮುಂದೆ ನೀವೇ ಕೇಳುತ್ತೀರಿ. 1998ರಲ್ಲಿ ಶುರುವಾದ ಎಕ್ಸಿಟ್ ಸ್ವೀಡನ್, 2000ದಲ್ಲಿ ಶುರುವಾದ ಎಕ್ಸಿಟ್ ಜರ್ಮನಿ, ಎರಡರಲ್ಲೂ ಅಂಥವರ ಪಾತ್ರ ದೊಡ್ಡದು. ಜರ್ಮನಿಯದ್ದನ್ನು ಕಟ್ಟಿದ್ದು ಒಬ್ಬ ಮಾಜಿ ಪೊಲೀಸ್ ಅಧಿಕಾರಿ ಮತ್ತು ಒಬ್ಬ ಮಾಜಿ ನವನಾಜಿ ನಾಯಕ. 2011ರಲ್ಲಿ ಅವರು ಗೇರಾ ಎಂಬ ಊರಿನ ಬಲಪಂಥೀಯರ ಸಂಗೀತ ಉತ್ಸವದಲ್ಲಿ ಯಾರೆಂದು ಹೇಳದೆ 250 ಟೀ ಶರ್ಟ್ ಹಂಚಿಸಿದರು. ಮೇಲೆ ತಲೆಬುರುಡೆಯ ಚಿತ್ರ. ಒಗೆದಾಗ ಅದು ಹೋಗಿ, ನಿನ್ನ ಟೀ ಶರ್ಟ್‌ಗೆ ಸಾಧ್ಯವಾದದ್ದು ನಿನಗೂ ಸಾಧ್ಯ, ಬಿಡಲು ನಾವು ಸಹಾಯ ಮಾಡುತ್ತೇವೆ ಎಂಬ ಬರಹ ಎದ್ದಿತು. ಒಳಗಿದ್ದು ಬಂದವರಿಗೆ ಮಾತ್ರ ಹೊಳೆಯುವ ಉಪಾಯ ಎನಿಸುತ್ತದೆ ನನಗೆ. ಹಳಬರ ಮಾತು ಹುಡುಗರಿಗೆ ನಾಟುತ್ತದೆ. ಆದರೆ ಬಿಟ್ಟು ಎಷ್ಟು ಕಾಲವಾಯಿತು, ಆ ಹಳೇ ಕಥೆಯನ್ನು ಇನ್ನೂ ರುಚಿಯಿಂದ ಹೇಳುತ್ತಾರಾ ಎಂದು ನೋಡಿ. ರುಚಿ ಇದ್ದರೆ ಬೇಡ.

ಊರಿಗೆ ಬಂದರೆ ಈ ಕೆಲಸ ಇದೆಯಾ? ನೇರವಾಗಿ ಇಲ್ಲ. ನಮ್ಮ 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಒಳ್ಳೆಯ ನಡತೆಯ ಮೇಲೆ ಬಿಡುವ ಅವಕಾಶವಿದ್ದರೂ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ದಾರಿಯಿರುವ ಅಪರಾಧಗಳಿಗೆ ಅದು ಅನ್ವಯಿಸುವುದಿಲ್ಲ. ನಮ್ಮಲ್ಲಿ ಹತ್ತಿರದ್ದೆಂದರೆ ಶರಣಾಗತಿ ಮತ್ತು ಪುನರ್ವಸತಿ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದದ್ದನ್ನು ನೀವು ಅಲ್ಲಿಂದಲೇ ಓದಿರುತ್ತೀರಿ. ಶಾಂತಿಗಾಗಿ ನಾಗರಿಕ ವೇದಿಕೆಯವರು ನಡುವೆ ನಿಂತು ಮಾತಾಡಿದ್ದರಿಂದ ಅದು ಸಾಧ್ಯವಾಯಿತು. ಅಂದಿನ ಫೋಟೋಗಳನ್ನು ಎಲ್ಲರೂ ನೋಡಿದರು. ಆಮೇಲೆ ಅವರು ನ್ಯಾಯಾಂಗ ಬಂಧನಕ್ಕೆ ಹೋದರು. ಮುಂದಿರುವುದು ಕೋರ್ಟು ಅಲೆದಾಟ, ಬೇಲು, ಕೂಲಿ, ಊರಿನವರ ನೋಟ. ಅಂಥವರ ಪಕ್ಕದಲ್ಲಿ ವರ್ಷಗಟ್ಟಲೆ ಒಬ್ಬರು ನಿಲ್ಲಬೇಕು, ಆ ಹುದ್ದೆಯೇ ನಮ್ಮಲ್ಲಿಲ್ಲ. ಅದನ್ನು ಕಟ್ಟುವವರಲ್ಲಿ ನೀವೂ ಒಬ್ಬರಾಗಬೇಕೆಂದು ನನಗೆ ಮನಸಾರೆ ಆಸೆ.

ಸದ್ಯಕ್ಕೆ ಮುಂದಿನ ಭೇಟಿ. ಮುಂಚೆಯೇ ನಿಮ್ಮ ಹಿರಿಯರ ಒಪ್ಪಿಗೆ ಪಡೆದು ಒಂದು ಖಾಲಿ ಹಾಳೆ ತೆಗೆದುಕೊಂಡು ಹೋಗಿ. ಏಳು ದಿನದ ಗೆರೆ ಎಳೆಯಿರಿ. ಕಳೆದ ವಾರವನ್ನು ಆತನೇ ತುಂಬಲಿ. ತೀರಾ ಅಚ್ಚುಕಟ್ಟಾಗಿ, ಬಾಯಿಪಾಠದ ಹಾಗೆ ತುಂಬಿದರೆ ಎಚ್ಚರವಾಗಿರಿ. ತಡವರಿಸಿ, ಗುರುವಾರ ಏನು ಮಾಡಿದೆ ನೆನಪಿಲ್ಲ ಅಂದರೆ ಗಾಬರಿಯಾಗಬೇಡಿ. ಯಾವ ಸಂಜೆಗಳು ಖಾಲಿ ಉಳಿದವು ಎಂದು ಗುರುತು ಹಾಕಿಕೊಳ್ಳಿ. ಅವುಗಳಲ್ಲಿ ಒಂದನ್ನು ಆರಿಸಿ, ಆ ಸಂಜೆ ಎಲ್ಲಿಗೆ ಹೋಗಲು ಇಷ್ಟ ಎಂದು ಕೇಳಿ. ಫುಟ್‌ಬಾಲ್ ಅಂದರೆ ಯಾವ ಕ್ಲಬ್ಬು, ಯಾವ ಬಸ್ಸು, ಟ್ಯಾಗ್‌ನ ಹೊತ್ತಿಗೆ ವಾಪಸ್ ಬರಲು ಆಗುತ್ತದಾ ಎಂದು ಅಲ್ಲೇ ಕೂತು ಲೆಕ್ಕ ಹಾಕಿ. ಮರುವಾರ ಅದೇ ಹಾಳೆಯನ್ನು ಮತ್ತೆ ತೆಗೆಯಿರಿ.